ರಟ್ಟಿನ ಒಳಬದಿಯಲ್ಲಿದ್ದ ಭಾಷೆ

ಆ ನೋಟ್‌ಬುಕ್ಕಿಗೆ ನಾನು ಕೊಟ್ಟದ್ದು ಹೆಚ್ಚೆಂದರೆ ಐದು ರೂಪಾಯಿ. ಭದ್ರಾವತಿಯಲ್ಲಿ ಮನೆ ಖಾಲಿ ಮಾಡುತ್ತಿದ್ದ ನಿವೃತ್ತ ಟೀಚರೊಬ್ಬರ ಹಳೆ ಪೇಪರಿನ ಜೊತೆ ತೂಕಕ್ಕೆ ಬಂದದ್ದು, ಅದಕ್ಕೇ ಅಷ್ಟು ಅಗ್ಗ. ತಳ್ಳುಗಾಡಿಯಿಂದ ಶುರುಮಾಡಿ ಶಿವಮೊಗ್ಗದಲ್ಲಿ ಸ್ವಂತ ಗುಜರಿ ಅಂಗಡಿ ಇಟ್ಟವನು ನಾನು. ನಮ್ಮಲ್ಲೊಂದು ಪದ್ಧತಿ: ಪುಸ್ತಕ ಬಂದ ಕೂಡಲೇ ರಟ್ಟು ಕಿತ್ತು ಬೇರೆ ರಾಶಿಗೆ ಎಸೆಯುವುದು. ಹಾಳೆಯ ರೇಟೇ ಬೇರೆ, ರಟ್ಟಿನ ರೇಟೇ ಬೇರೆ.

ಇದರದ್ದನ್ನೂ ಕಿತ್ತೆ. ಆಮೇಲೆ ಕಣ್ಣು ಹಾಳೆಯ ಮೇಲೆ ಬಿತ್ತು. ಅಕ್ಷರ ಕನ್ನಡದ್ದು, ಮಾತು ಕನ್ನಡದ್ದಲ್ಲ. ಉರ್ದು, ತಮಿಳು, ತೆಲುಗೂ ಅಲ್ಲ. ವ್ಯಾಪಾರಕ್ಕೆ ಬೇಕಾದಷ್ಟು ಅವೆಲ್ಲ ನನಗೆ ಬರುತ್ತವೆ. ಒಂದು ಕಡೆ ‘ಪೆಲಾನ್’, ಇನ್ನೊಂದು ಕಡೆ ‘ಪೆಲ್ಲಾನ್’, ಮುಂದಿನ ಪುಟದಲ್ಲಿ ‘ಬೆಲಾನ್’. ಮೂರು ದಿನ ಗಲ್ಲಾದ ಪಕ್ಕ ಇಟ್ಟುಕೊಂಡು ಓದಿದೆ.

ನಾಲ್ಕನೆಯ ದಿನ ಟೀಚರೇ ಬಸ್ಸಿಳಿದು ಬಂದರು. “ಸಾಹೇಬ್ರೇ, ನನ್ನದೊಂದು ನೋಟ್‌ಬುಕ್ ತಪ್ಪಿ ಬಂದ್ಬಿಟ್ಟಿದೆ. ಎಷ್ಟು ಕೇಳ್ತೀರೋ ಕೇಳಿ.”

“ದುಡ್ಡು ಬೇಡ ಟೀಚರೇ. ಇದೇನು ಅಂತ ಹೇಳಿ, ತಗೊಂಡು ಹೋಗಿ.”

“ನಾನೇ ಕಟ್ಟಿದ ಭಾಷೆ. ಐರ್ಲೆಂಡ್, ವೇಲ್ಸ್ ಕಡೆಯ ಭಾಷೆಗಳ ಥರ. ಪೆಲಾನ್ ಅಂದ್ರೆ ದೋಣಿ. ಅವನ ದೋಣಿ ಆದ್ರೆ ಬೆಲಾನ್, ಅವಳದಾದ್ರೆ ಫೆಲಾನ್. ನಮ್ಮಲ್ಲಿ ಪದದ ಬಾಲ ಬದಲಾಗುತ್ತೆ, ಅಲ್ಲಿ ತಲೆ.”

“ಮತ್ತೆ ಈ ಪೆಲ್ಲಾನ್?”

“ಆ ಭಾಷೆಗೆ ಅಂತ ನಾನೇ ಕಲ್ಪಿಸಿದ ಊರೊಂದಿದೆ. ಅದು ಅಲ್ಲಿ ಹೊಳೆಯ ಆಚೆ ದಡದವರು ಬರೆಯೋ ರೀತಿ.”

“ಇಲ್ಲದ ಊರಿಗೆ ಎರಡು ದಡ ಬೇರೆ! ಒಂದೇ ಥರ ಬರೆದ್ರೆ ಸಾಲಲ್ವಾ?”

“ನಿಮ್ಮಂಗಡಿ ಬೋರ್ಡಲ್ಲಿ ಶಿವಮೊಗ್ಗ, ಬಿಲ್ಲಲ್ಲಿ ಶಿಮೊಗ. ನಿಮ್ಮನ್ಯಾರು ಕೇಳಿದ್ರು ಮಾರಾಯ್ರೇ?”

ನಗುತ್ತಲೇ ನೋಟ್‌ಬುಕ್ ತಿರುವಿ ನೋಡಿದವರ ಮುಖ ಬಿಳಿಚಿಕೊಂಡಿತು. “ರಟ್ಟೆಲ್ಲಿ?”

ನಾಮಪದಗಳ ರೂಪ ಹೇಗೆ ಬದಲಾಗುತ್ತದೆ ಎಂಬ ಪಟ್ಟಿ ರಟ್ಟಿನ ಒಳಬದಿಯಲ್ಲಿತ್ತಂತೆ. ಇಪ್ಪತ್ತು ವರ್ಷದ ಕೆಲಸ, ಬೇರೆ ಪ್ರತಿ ಇಲ್ಲ. ರಟ್ಟಿನ ಲೋಡು ಹಿಂದಿನ ದಿನವೇ ಲಾರಿ ಹತ್ತಿತ್ತು. ಲಾರಿಯವನಿಗೆ ಫೋನ್ ಮಾಡಿದೆ; ಲೋಡು ಆಗಲೇ ಮಿಲ್ಲಿನಲ್ಲಿ ಇಳಿದಾಗಿತ್ತು.

ಕೊನೆಗೆ, “ಒಳಗೆ ವಾಕ್ಯಗಳಿದ್ದಾವಲ್ಲ, ಅದ್ರಿಂದಲೇ ಹೆಕ್ಕೋಣ” ಅಂದೆ. ಷಟರ್ ಅರ್ಧ ಎಳೆದು ಕೂತೆವು. ನಾನು ಹುಡುಕಿ ಓದುವುದು, ಅವರು ಬರೆಯುವುದು. ಸಂಜೆಯೊಳಗೆ ಪಟ್ಟಿ ತುಂಬಿತು, ‘ದೋಣಿಗಳಿಂದ’ ಎಂಬುದರ ಒಂದು ಚೌಕ ಬಿಟ್ಟು. ಆ ಪುಸ್ತಕದಲ್ಲಿ ಯಾರೂ ದೋಣಿಗಳಿಂದ ಇಳಿದಿರಲಿಲ್ಲ. ಟೀಚರಿಗೂ ನೆನಪಾಗಲಿಲ್ಲ.

“ನಿಮ್ಮದೇ ಭಾಷೆ, ಹೊಸದೊಂದು ಮಾಡ್ಕೊಳ್ಳಿ.”

“ಮಾಡಬಹುದು. ಆದ್ರೆ ಹಳೇದು ಒಂದಿತ್ತಲ್ಲ” ಅಂದರು.

ಅದಕ್ಕೇ ಹೇಳುತ್ತೇನೆ ಕೇಳಿ. ಮುಖ್ಯವಾದದ್ದನ್ನು ರಟ್ಟಿನ ಮೇಲೆ ಬರೆಯಬೇಡಿ; ನಾವು ಮೊದಲು ಕೀಳುವುದೇ ಅದನ್ನು. ಬರೆದಿದ್ದರೆ ಇವತ್ತೇ ಫೋನಿನಲ್ಲಿ ಫೋಟೊ ತೆಗೆದಿಡಿ. ಹಳೆ ಪುಸ್ತಕ ಗುಜರಿಗೆ ಹಾಕುವಾಗ ಒಂದೊಂದಾಗಿ ನೀವೇ ಕೈಯಾರೆ ಎತ್ತಿ ಕೊಡಿ. ತಕ್ಕಡಿಯನ್ನೂ ನೋಡಿದ ಹಾಗಾಯಿತು.