ಚಿಕ್ಕಬೋರಮ್ಮ ಕಾಯ್ದ ಬರಿನೆಲ

ಚಿಕ್ಕಬೋರಮ್ಮನಿಗೆ ಸುಮ್ಮನಿರಲು ಬರುವುದಿಲ್ಲ. ಮಳವಳ್ಳಿ ತಾಲ್ಲೂಕಿನಲ್ಲಿ ಹಲಗೂರು ದಾಟಿ, ಗುಡ್ಡದ ಬುಡದಲ್ಲಿರುವ ಅವಳ ದೊಡ್ಡಿಯಲ್ಲಿ, ಆ ಪುಟ್ಟ ಊರಿನಲ್ಲಿ, ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಬಸ್ಸಿಗೆ ಕಾಯುವಾಗಲೂ ಪಕ್ಕದವರ ಚೀಲದಿಂದ ಅವರೆಕಾಯಿ ತೆಗೆದು ಸುಲಿದುಕೊಡುವ ಹೆಂಗಸು. ಅಂಥವಳಿಗೆ ಅರಣ್ಯದವರು ಕೊಟ್ಟ ಕೆಲಸವೆಂದರೆ, ಬೇಲಿಯೊಳಗಿನ ಒಂದು ತುಂಡು ನೆಲವನ್ನು ಏನೂ ಮಾಡದೆ ನೋಡಿಕೊಳ್ಳುವುದು. ಕೊಟ್ಟವರ ಧೈರ್ಯವನ್ನು ಮೆಚ್ಚಬೇಕು.

ಹಿಂದಿನ ವರ್ಷ ಗುಡ್ಡದ ಕೆಳಗಿನ ನೀಲಗಿರಿ ತೋಪನ್ನು ಕಡಿದಿದ್ದರು. ದಿಮ್ಮಿ ಹೇರಿಕೊಂಡ ಟ್ರಾಕ್ಟರುಗಳು ಹಸಿ ನೆಲದ ಮೇಲೆಯೇ ಓಡಾಡಿ, ಜಾಡೆಲ್ಲ ಸಾರಿಸಿದ ಕಣದ ಹಾಗೆ ಗಟ್ಟಿಯಾಯಿತು. ಆಮೇಲೆ ಬಿದ್ದ ಮಳೆ ಒಳಗಿಳಿಯಲಿಲ್ಲ. ಕೆಮ್ಮಣ್ಣನ್ನು ಹೊತ್ತುಕೊಂಡು ಹರಿದು ದೊಡ್ಡಿಯ ಕಟ್ಟೆಯಲ್ಲಿ ಅರ್ಧ ಹೂಳು ತುಂಬಿತು. ಬೇಸಿಗೆಯಲ್ಲಿ ಬೋರಮ್ಮನ ಆಡುಗಳು, ಊರಿನ ದನಗಳು ನೀರು ಕುಡಿಯುವುದು ಅದೊಂದೇ ಕಟ್ಟೆಯಲ್ಲಿ.

ಈಗ ಮೇಲಿನ ತೋಪನ್ನು ಕಡಿಯುವ ಸರದಿ ಬಂದಿತ್ತು. ಅಲ್ಲಿಗೂ ಟ್ರಾಕ್ಟರು ಹತ್ತಿದರೆ ಕಟ್ಟೆ ಪೂರ್ತಿ ಮುಚ್ಚಿಹೋಗುತ್ತದೆ ಎಂದು ಬೋರಮ್ಮನಿಗೆ ಭಯ. ಎತ್ತು ಕಟ್ಟಿ ದಿಮ್ಮಿ ಎಳೆಸಿ ಎಂದು ಕಂಡಕಂಡವರ ಮುಂದೆಲ್ಲ ಗೋಗರೆದಿದ್ದಳು. ನೆಲ ಏನು ಹೇಳುತ್ತದೋ ನೋಡೋಣ ಎಂದರು ಅರಣ್ಯದವರು. ಟ್ರಾಕ್ಟರಿನ ಜಾಡಿನಲ್ಲಿ ಒಂದಿಷ್ಟು ಜಾಗಕ್ಕೆ ಬೇಲಿ ಹಾಕಿಸಿದರು. ಒಂದು ಬೇಸಿಗೆ ಕಳೆದ ಮೇಲೆ ಅಲ್ಲಿಯ ಮಣ್ಣು ತಾನಾಗಿ ಚೇತರಿಸಿಕೊಂಡಿದ್ದರೆ ಮೇಲಕ್ಕೂ ಟ್ರಾಕ್ಟರು, ಇಲ್ಲದಿದ್ದರೆ ಎತ್ತು. ಮಣ್ಣನ್ನು ಪರೀಕ್ಷೆ ಮಾಡಲು ಮಂಡ್ಯದಿಂದ ಚೈತನ್ಯಾ ಎಂಬ ಹುಡುಗಿ ಬರುವುದು, ಬೇಲಿಗೂ ಸುತ್ತಲ ಜಾಡಿಗೂ ದನ ನುಗ್ಗದ ಹಾಗೆ ಬೋರಮ್ಮ ಕಾಯುವುದು ಎಂದಾಯಿತು.

ಮುಂಗಾರಿನ ಮೊದಲ ಮಳೆಗಳಾದ ಮೇಲೆ ಚೈತನ್ಯಾ ಬಂದಳು. ಜೊತೆಗೆ ಅರಣ್ಯದ ಗಾರ್ಡು ಶಶಿಧರ್. ಬೇಲಿಯೊಳಗೆ ಅಗಲವಾದ ಕಬ್ಬಿಣದ ಬಳೆಯೊಂದನ್ನು ನೆಲಕ್ಕೆ ಬಡಿದು ಕೂರಿಸಿ, ಅದರೊಳಗೆ ನೀರು ಸುರಿದಳು. ನೀರು ಎಷ್ಟು ಬೇಗ ಇಂಗಿತು ಎಂಬುದರ ಮೇಲೆ ನೆಲದ ಸ್ಥಿತಿ ತಿಳಿಯುತ್ತದೆ. ಸುರಿದ ನೀರು ನೋಡನೋಡುತ್ತಲೇ ಮಾಯವಾಯಿತು.

ಶಶಿಧರನ ಮುಖ ಅರಳಿತು. ಈ ಕಾಲದಲ್ಲಿ ದಿಮ್ಮಿ ಎಳೆಯುವ ಎತ್ತು ಸಿಗುವುದು ಎಷ್ಟು ಕಷ್ಟ ಎಂದು ಹುಡುಕಬೇಕಾದ ಅವನಿಗೇ ಗೊತ್ತು. “ನೋಡುದ್ರಾ ಮೇಡಂ? ನೆಲ ತಾನ್‌ತಾನೇ ಸರ್ಯೋಗದೆ!”

ಅಷ್ಟು ಹೊತ್ತು ಬೇಲಿಗೊರಗಿ ಎಲೆಯಡಿಕೆ ಜಗಿಯುತ್ತಿದ್ದ ಬೋರಮ್ಮನಿಗೆ ಮೈ ಉರಿಯಿತು. “ತಾನ್‌ತಾನೇ ಎಲ್ಲಿ ಸರ್ಯೋಯ್ತದಪ್ಪ? ಬ್ಯಾಸ್ಗೆಲಿ ಕಟ್ಟೆ ಗೋಡ್ನೆಲ್ಲ ಮಂಕ್ರೀಲಿ ಒತ್ತಾಕಿವ್ನಿ. ಆಡಿನ್ ಗೊಬ್ರ ಸುರ್ದಿವ್ನಿ. ಗುದ್ಲೀಲಿ ಕೆದ್ಕಿ ಮಟ್ಟ ಮಾಡಿವ್ನಿ. ನನ್ ಸೊಂಟ್ವ ಕೇಳು, ಯೋಳ್ತದೆ!”

ಭೇಷ್ ಎನ್ನುತ್ತಾರೆ ಎಂದುಕೊಂಡೇ ಹೇಳಿದ್ದು. ಆದರೆ ಚೈತನ್ಯಾ ಬಳೆಯ ಪಕ್ಕದ ಮಣ್ಣನ್ನು ಕೈಗೆ ತೆಗೆದುಕೊಂಡು ಪುಡಿ ಮಾಡಿ ನೋಡಿದಳು. ಆ ಕೆಂಪು ನೆಲದಲ್ಲಿ ಗೊಬ್ಬರ ಬೆರೆತ ಕರಿಮಣ್ಣು ಉದುರಿತು.

“ಅಜ್ಜಿ, ಬೇಲಿ ಹಾಕ್ಸಿದ ದಿನಾನೇ ಏನೂ ಹಾಕ್ಬೇಡಿ ಅಂದಿದ್ನಲ್ಲ?”

“ಗೊಬ್ರಾನೂವಾ?” ಬೋರಮ್ಮನಿಗೆ ನಿಜವಾಗಿಯೂ ಆಶ್ಚರ್ಯ. ಬೇಸಿಗೆಯಲ್ಲಿ ಕಟ್ಟೆಯ ಗೋಡನ್ನು, ಆ ಹೂಳು ಮಣ್ಣನ್ನು, ಹೊಲಕ್ಕೆ ಹೊಡೆಯುವುದು ಅವಳ ಅತ್ತೆಯ ಕಾಲದಿಂದ ಬಂದದ್ದು. ಅದನ್ನು ‘ಹಾಕುವುದು’ ಎಂದು ಯಾರು ಲೆಕ್ಕಕ್ಕಿಡುತ್ತಾರೆ? “ಒಟ್ಟೆಗಿಲ್ದೆ ಬಿದ್ದಿರೋ ನೆಲ್ವ ನೋಡ್ಕಂಡು ಎಂಗವ್ವ ಸುಮ್ಕಿರದು?”

“ನೀವು ಚೆನ್ನಾಗೇ ನೋಡ್ಕೊಂಡಿದ್ದೀರಿ. ಅದೇ ಕಷ್ಟ ಆಗಿರೋದು,” ಎಂದಳು ಚೈತನ್ಯಾ. “ಈ ನೆಲ ನೋಡಿದವ್ರು ಟ್ರಾಕ್ಟ್ರು ಓಡಾಡಿದ್ರೂ ಏನೂ ಆಗಲ್ಲ ಅಂತಾರೆ. ಮೇಲಕ್ಕೂ ಬಿಡ್ತಾರೆ.”

ಬೋರಮ್ಮನಿಗೆ ಆಗ ಹೊಳೆಯಿತು. ಇಡೀ ಬೇಸಿಗೆ ಬೆನ್ನು ಬಗ್ಗಿಸಿ ತಾನೇ ಆ ಟ್ರಾಕ್ಟರಿಗೆ ದಾರಿ ಮಾಡಿಕೊಟ್ಟಿದ್ದಳು. ಎಲೆಯಡಿಕೆ ಉಗಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಮೇಲೆ ಬೇಲಿಯಿಂದ ಆಚೆಗೆ ಕೈ ತೋರಿಸಿದಳು.

“ಅದೂ ಅದೇ ಜಾಡು ಕಣವ್ವ. ಅಲ್ಗೆ ನನ್ ಮಂಕ್ರಿ ಓಗಿಲ್ಲ. ಅಲ್ ನೀರ್ ಉಯ್ಯಿ, ನೋಡವ.”

ಅಲ್ಲಿ ಬಳೆ ನೆಲಕ್ಕಿಳಿಯಲೇ ಶಶಿಧರ್ ಬೆವರು ಸುರಿಸಬೇಕಾಯಿತು. ಸುರಿದ ನೀರು ತಟ್ಟೆಯಲ್ಲಿಟ್ಟಂತೆ ನಿಂತಿತು. ಶಶಿಧರ್ ಯಾರಿಗೋ ಫೋನು ಮಾಡಿ, ಮಾತಾಡಿ ಮುಗಿಸಿ ಬಂದ. ನೀರು ನಿಂತೇ ಇತ್ತು. ಬೋರಮ್ಮನಿಗೆ ಬೇಕಾದದ್ದು ಇದೇ. ಆದರೂ ಆ ನೀರನ್ನು ನೋಡಿ ಅವಳಿಗೆ ಸಂತೋಷವಾಗಲಿಲ್ಲ.

“ಎತ್ ಉಡುಕ್ಬೇಕು ಅನ್ನಿ,” ಎಂದ ಶಶಿಧರ್, ಬಳೆಯನ್ನೇ ನೋಡುತ್ತಾ.

ಒಂದು ದಿನದ ನೀರು ನೋಡಿ ಹೇಳಿದರೆ ಮೇಲಧಿಕಾರಿಗಳು ಒಪ್ಪುವುದಿಲ್ಲ ಎಂದಳು ಚೈತನ್ಯಾ. ಬೇಲಿಯನ್ನು ಇಲ್ಲಿಗೆ ತಂದು ಹೊಸದಾಗಿ ಶುರುಮಾಡಬೇಕು, ಈ ಮಳೆಗಾಲ ಪೂರ್ತಿ ನೋಡಬೇಕು. ಅಲ್ಲಿಯವರೆಗೆ ಮೇಲಿನ ತೋಪಿಗೆ ಟ್ರಾಕ್ಟರು ಹತ್ತದ ಹಾಗೆ ತಾನು ಬರೆದು ಕಳಿಸುವುದಾಗಿ ಹೇಳಿದಳು. “ಆದ್ರೆ ಅಜ್ಜಿ, ಒಂದು ಬೊಗಸೆ ಗೊಬ್ಬರಾನೂ ಬೀಳಬಾರದು. ಕಾಯೋಕೆ ಬೇರೆಯವ್ರನ್ನ ಹಾಕ್ಲಾ?”

“ಬ್ಯಾಡ. ನಾನೇ ಕಾಯ್ತೀನಿ,” ಎಂದಳು ಬೋರಮ್ಮ.

ದೊಡ್ಡಿಯವರಿಗೆ ನಗಲು ಒಳ್ಳೆಯ ವಿಷಯ ಸಿಕ್ಕಿತು. ಬೋರಮ್ಮ ಸುಮ್ಮನಿರುವ ಕೆಲಸಕ್ಕೆ ಎರಡನೇ ಸಲ ಸೇರಿದ್ದಾಳಂತೆ ಎಂದು ಹಾಲಿನ ಡೇರಿಯ ಮುಂದೆ ಆಡಿಕೊಂಡರು. ಅವಳು ಯಾರಿಗೂ ತಿರುಗಿ ಹೇಳಲಿಲ್ಲ. ಅದೇ ಊರಿಗೆಲ್ಲ ಸೋಜಿಗವಾಯಿತು.

ಆಷಾಢದಲ್ಲಿ ಒಂದು ಮಧ್ಯಾಹ್ನ ಜೋರು ಮಳೆ ಹಿಡಿಯಿತು. ಬೋರಮ್ಮ ತಲೆಗೆ ಗೊಬ್ಬರದ ಚೀಲದ ಗೊಪ್ಪೆ ಹಾಕಿಕೊಂಡು ಬೇಲಿಯ ಹತ್ತಿರ ಹೋದಳು. ಜಾಡಿನ ಮೇಲೆ ನೀರು ಕೆಂಪಗೆ ಜಾರಿ ಹೋಗುತ್ತಿತ್ತು. ಗುದ್ದಲಿಯಲ್ಲಿ ಅಡ್ಡಕ್ಕೆ ಒಂದು ಗೆರೆ ಎಳೆದರೆ ಸಾಕು, ಅಷ್ಟು ಮಣ್ಣು ಅಲ್ಲೇ ನಿಲ್ಲುತ್ತದೆ. ಅವಳ ಕೈ ತಡೆಯದೆ ಎರಡು ಸಲ ಬೇಲಿಯ ತಂತಿಯವರೆಗೆ ಹೋಗಿ ಬಂತು. ಕೊನೆಗೆ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಳು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈ ಬಿಡಿಸಲಿಲ್ಲ.

“ತಡ್ಕೊ ಕಣವ್ವ,” ಎಂದಳು ನೆಲಕ್ಕೆ. “ನಿನ್ ಗಾಯ ಅವ್ರ ಕಣ್ಗೆ ಬೀಳ್ಬೇಕು. ಅಲ್ಲೀಗಂಟ ನಾನ್ ಮುಚ್ಚಂಗಿಲ್ಲ.”