ಕೊಂಡಿಯ ಪಕ್ಕದ ಮುತ್ತು

ಖಾಲಾ ಅವರ ಬಲಗೈ ಹೆಬ್ಬೆರಳ ಉಗುರಿನ ನಡುವೆ ಒಂದು ಸಣ್ಣ ಗೀರು ಇತ್ತು, ರೇಷ್ಮೆ ದಾರ ಎಳೆದೆಳೆದು ಬಿದ್ದದ್ದು. ಒಂದು ಮುತ್ತು ಪೋಣಿಸುವುದು, ಒಂದು ಗಂಟು ಹಾಕುವುದು, ಆ ಗಂಟನ್ನು ಉಗುರಿನಿಂದ ಮುತ್ತಿನ ಬುಡದವರೆಗೆ ನೂಕುವುದು. ದಾರ ಹರಿದರೂ ಒಂದೇ ಮುತ್ತು ಉದುರಬೇಕು, ಸರವೆಲ್ಲ ಚೆಲ್ಲಬಾರದು ಎಂಬುದು ಅವರ ಹಟ. ದಾವಣಗೆರೆಯ ಹಳೇ ಪೇಟೆಯ ಓಣಿಯಲ್ಲಿ ಅವರ ಮನೆಯ ಮುಂದಿನ ಕೋಣೆಯೇ ಅಂಗಡಿ. ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು, ನಾನೂ ಹಾಗೇ ಅಂದೆ.

ನಾನು ಹರಿಹರದ ಶಾಲೆಯೊಂದರಲ್ಲಿ ಟೀಚರ್. ದಾವಣಗೆರೆಯ ಸರಸ್ವತಿ ನಗರದ ಮನೆಯಿಂದ ದಿನಾ ಬಸ್ಸು. ನವರಾತ್ರಿ ಬಂತೆಂದರೆ ನಮ್ಮ ಸ್ಟಾಫ್ ರೂಮಿನ ವಾಟ್ಸಾಪಿನಲ್ಲಿ ದಿನಕ್ಕೊಂದು ಬಣ್ಣದ ಅಪ್ಪಣೆ ಹೊರಡುತ್ತದೆ. ಸೀರೆಗೆ ತಕ್ಕ ಮುತ್ತಿನ ಸರವೂ ಬೇಕೆಂಬ ಹುಚ್ಚು ನನ್ನದು. ಮೊದಲ ಸಲ ಹೋದಾಗ ಬ್ಲೌಸ್ ಪೀಸು ಮುಂದೆ ಹಿಡಿದು, ಇದೇ ಕಡು ಗುಲಾಬಿ ಮುತ್ತು ಕೊಡಿ ಅಂದೆ. ಅವರು ಅದರತ್ತ ನೋಡಲೂ ಇಲ್ಲ.

“ಸೀರೆ ನಾಳೆ ಬಿಚ್ಚಿಡ್ತೀಯ, ಮುಖ ಬಿಚ್ಚಿಡಾಕ ಆಗ್ತೈತಾ? ಬಾ ಬೆಳಕಿಗೆ.”

ಅಂಗಡಿಯ ದೀಪದ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಹೊಸ್ತಿಲ ಮೇಲೆ, ದಸರೆಯ ಹೊತ್ತಿನ ತಿಳಿಬಿಸಿಲಿನಲ್ಲಿ ನಿಲ್ಲಿಸಿ ಗುಲಾಬಿ ಮುತ್ತಿನ ಎಳೆಯನ್ನು ನನ್ನ ಕತ್ತಿಗೆ ಹಿಡಿದರು. “ನಿಂಗೆ ಒಪ್ಪಂಗಿಲ್ಲ. ಅದರ ಮ್ಯಾಲೆ ಇದು ಬಣ್ಣ ಅದ್ದಿದ್ದು. ಬ್ಯಾಡ,” ಅಂದು ಜೇನುಬಣ್ಣದ ಎಳೆ ಇಟ್ಟರು. ಚಿಕ್ಕಂದಿನಿಂದ ಕಪ್ಪಗಿದ್ದೇನೆ ಎಂದು ಅಳುಕಿದವಳು ನಾನು. ಆ ದಿನ ಕನ್ನಡಿಯನ್ನು ನೆಟ್ಟಗೆ ನೋಡಿದೆ.

ಗಿರಾಕಿಯ ಮುಖದ ಮೇಲೆ ಹೀಗೆ ಹೇಳುವ ಅಂಗಡಿ ಇನ್ನೊಂದನ್ನು ನಾನು ಕಂಡಿಲ್ಲ. ಎಷ್ಟೋ ಜನ ಮುನಿಸಿಕೊಂಡು ಹೋಗುತ್ತಿದ್ದರು, ಮರುವಾರ ತಿರುಗಿ ಬರುತ್ತಿದ್ದರು.

ಕೆಲವು ವರ್ಷಗಳ ಮೇಲೆ ಒಂದು ದಸರೆಗೆ ಬೂದುಬಣ್ಣದ ಸರ ಮಾಡಿಸಿಕೊಂಡೆ. ಮನೆಗೆ ತಂದು ನೋಡಿದರೆ ಬೂದು ಮುತ್ತುಗಳ ನಡುವೆ, ಸರಿಯಾಗಿ ಎದೆಯ ಮೇಲೆ, ಒಂದು ನೇರಳೆ! ಶಾಲೆಯಲ್ಲಿ ಜೊತೆಯ ಟೀಚರ್ ಒಬ್ಬರು, “ಇದೇನ್ರೀ, ಹೊಸ ಫ್ಯಾಷನ್ನಾ?” ಅಂದರು. ಹೂಂ ಅಂದುಬಿಟ್ಟೆ. ಮುಂದಿನ ವಾರ ಖಾಲಾ, “ಹೆಂಗೈತೆ ಸರ?” ಎಂದು ಕೇಳಿದರು. “ಚಲೋ ಐತ್ರಿ,” ಅಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಆ ಗಾದೆಯನ್ನು ನನ್ನ ಹೇಡಿತನಕ್ಕೆ ಹೊದಿಸಿಕೊಂಡೆ. ಇಂಥದೇ ಸರ ಸಿಕ್ಕ ಬೇರೆ ಗಿರಾಕಿಗಳೂ ಬಾಯಿ ಬಿಡಲಿಲ್ಲ. ಸುಮ್ಮನೆ ಬರುವುದನ್ನು ಬಿಟ್ಟರು. ಖಾಲಾಗೆ ಕಾರಣ ತಿಳಿಯದೆ, “ಈಗ ಎಲ್ಲಾ ಆನ್‌ಲೈನ್ ಅಲ್ಲೇನು,” ಅನ್ನುತ್ತಿದ್ದರು.

ವರ್ಷದ ಮೇಲೆ ಒಂದು ಬೆಳಿಗ್ಗೆ ಅವರು ಹರಿಹರದ ಮದುಮಗಳೊಬ್ಬಳ ಸರ ಪೋಣಿಸುತ್ತಿದ್ದರು. ಅದರಲ್ಲೂ ಬೂದು ಮುತ್ತುಗಳ ನಡುವೆ ನೇರಳೆ ಬಿದ್ದಿತ್ತು. ಮದುವೆ ಮನೆಯಲ್ಲಿ ನೂರು ಜನ ನೋಡಿ ನಕ್ಕರೆ ಖಾಲಾ ಹೆಸರು ಉಳಿಯದು. ನನ್ನ ಕೊರಳಲ್ಲಿದ್ದ ಅದೇ ಬೂದು ಸರ ತೆಗೆದು ಅವರ ಅಂಗೈಯಲ್ಲಿಟ್ಟೆ.

“ಖಾಲಾ, ಇದರಾಗೆ ಒಂದು ಮುತ್ತು ಬ್ಯಾರೆ ಬಣ್ಣದ್ದೈತಿ.”

ಹೊಸ್ತಿಲಿಗೆ ಹೋಗಿ ತಿರುಗಿಸಿ ತಿರುಗಿಸಿ ನೋಡಿದರು. “ಯಾವುದು?” ಅಂದರು. ಅವರ ಬೆರಳು ಹಿಡಿದು ಆ ಮುತ್ತಿನ ಮೇಲಿಟ್ಟೆ.

“ಯಾವಾಗಿಂದ?”

“ಹೋದ ದಸರಾದಿಂದ.”

“ಎಲ್ಲರಿಗೂ ಮುಖದ ಮ್ಯಾಲೆ ಹೇಳೋಳು ನಾನು. ನೀನು ನಂಗೆ ಒಂದು ವರ್ಷ ಹೇಳ್ಲಿಲ್ಲ,” ಅಂದರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಆಮೇಲೆ ಅವರು ಮದುಮಗಳ ಸರದ ದಾರವನ್ನು ತಾವೇ ಕತ್ತರಿಸಿ, ಮುತ್ತುಗಳನ್ನು ಡಬ್ಬಿಗೆ ಹಾಕಿ, ಬೇರೆಯವರ ಹತ್ತಿರ ಮಾಡಿಸಿಕೊಳ್ಳಿ ಎಂದು ಮದುಮಗಳ ಮನೆಗೆ ಹೇಳಿ ಕಳಿಸಿದರು.

ಖಾಲಾ ಅವರ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ನಿಗೆ ಜೊತೆಗೆ ಹೋದೆ. ಡಾಕ್ಟರು ಸೂಜಿ ಹಿಡಿಯಬಹುದು ಅಂದ ಮೇಲೆ ಅವರು ಮೊದಲು ಕೇಳಿದ್ದು ನನ್ನ ಸರವನ್ನು. ಬಿಸಿಲಿಗೆ ಹಿಡಿದವರೇ ಕೆಮ್ಮು ಬರುವಷ್ಟು ನಕ್ಕರು. “ಯಾ ಅಲ್ಲಾ, ಇದನ್ನ ಹಾಕ್ಕಂಡು ಹರಿಹರ ತನಕ ಹೋಗ್ತಿದ್ದ್ಯಾ?”

ಅಲ್ಲೇ ಬಿಚ್ಚಿ, ಗಂಟು ಹಾಕುತ್ತ ಮತ್ತೆ ಪೋಣಿಸಿದರು. ನೇರಳೆಯನ್ನು ಮಾತ್ರ ಬಿಸಾಡಲಿಲ್ಲ. ಕೊಂಡಿಯ ಪಕ್ಕ, ಕತ್ತಿನ ಹಿಂದೆ ಬರುವಂತೆ ಸೇರಿಸಿದರು.

“ಇದು ನಿನ್ನ ಸುಳ್ಳು. ಹಿಂದೆ ಇರಲಿ, ಯಾರಿಗೂ ಕಾಣಲ್ಲ. ಹಾಕ್ಕೊಳ್ಳುವಾಗ ನಿನ್ನ ಕೈಗೆ ಸಿಗ್ತೈತೆ.”

ಆ ಕಣ್ಣಿನಲ್ಲಿ ಇನ್ನೆರಡು ದಸರೆ ಪೋಣಿಸಿದರು. ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಓಣಿಗೆ ಹೋದರೆ ಈಗ ಆ ಬಾಗಿಲು ಮುಚ್ಚಿರುತ್ತದೆ.

ಈ ನವರಾತ್ರಿಯಲ್ಲಿ ಬೂದು ಬಣ್ಣದ ದಿನ ಆ ಸರ ಹಾಕಿಕೊಂಡು ಹೋಗಿದ್ದೆ. ಹೊಸದಾಗಿ ಸೇರಿದ ಟೀಚರ್ ಒಬ್ಬಳು ಹಸಿರು ಮುತ್ತಿನ ಎಳೆ ತೋರಿಸಿ, “ಹೆಂಗೈತೆ ಮೇಡಂ?” ಅಂದಳು. ಚಲೋ ಐತೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೈ ತಾನೇ ಕತ್ತಿನ ಹಿಂದೆ ಹೋಯಿತು.

“ನಿಂಗೆ ಒಪ್ಪಂಗಿಲ್ಲ ಕಣವ್ವ,” ಅಂದೆ. “ಬಾ ಬೆಳಕಿಗೆ, ನೋಡಾಣ.”