ಜೀವಂತ ಕೂರ್ಮನಿಗೆ ಆರತಿ

ಮನುಷ್ಯನು ಸಾಗರ ದಾಟಿ ಯಾತ್ರೆ ಹೊರಡುವುದು ಆತ್ಮದ ಕರೆಗೆ ಓಗೊಟ್ಟು ಎಂದು ಬಲ್ಲವರು ಹೇಳುತ್ತಾರೆ. ನಾನು, ನನ್ನ ಹೆಂಡತಿ, ಅಮ್ಮ ಹೊರಟಿದ್ದು ನನ್ನ ಬ್ಯಾಂಕಿನ ಎಲ್‌ಟಿಸಿ ಪ್ರವಾಸ ಭತ್ಯೆಯ ಅವಧಿ ಆ ತಿಂಗಳಿಗೆ ಮುಗಿಯುತ್ತಿತ್ತು ಎಂಬ ಕಾರಣಕ್ಕೆ.

ಅಂಡಮಾನೇ ಆಗಬೇಕೆಂದು ತೀರ್ಪು ಕೊಟ್ಟವಳು ಅಮ್ಮ. ಹಿಂದಿನ ವರ್ಷ ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿಯೊಂದು ನನ್ನನ್ನು ಬೈಕ್ ಸಮೇತ ಹಳ್ಳಕ್ಕೆ ತಳ್ಳಿ, ಕೆಂಪು ಧೂಳೆಬ್ಬಿಸಿಕೊಂಡು ಹೋಗಿತ್ತು. ಬೆನ್ನು ಉಳುಕಿತು, ಮುರಿಯಲಿಲ್ಲ. ಬೆನ್ನಿನ ಮೇಲೆ ಗುಡ್ಡ ಹೊತ್ತ ದೇವರೇ ಬೆನ್ನಿಗೆ ಹೊಣೆಗಾರ ಎಂಬುದು ಅಮ್ಮನ ಸಿದ್ಧಾಂತ. ಹಂಪಿಯ ಗುಡಿಯೊಂದರ ಕಂಬದಲ್ಲಿ ಕೆತ್ತಿದ ಆಮೆಗೆ ಪ್ರತಿ ಶನಿವಾರ ಕುಂಕುಮ ಹಚ್ಚಿ ಕಾವಲುಗಾರನಿಂದ ಬೈಸಿಕೊಳ್ಳುವುದು ಅವಳ ನೇಮ. ನನ್ನ ಆಸ್ಪತ್ರೆಯ ಮಂಚದ ಪಕ್ಕ ನಿಂತು, ಜೀವಂತ ಕೂರ್ಮನಿಗೆ ಒಮ್ಮೆ ಆರತಿ ಎತ್ತುತ್ತೇನೆಂದು ಹರಕೆ ಹೊತ್ತಳು.

"ಕಂಪ್ಲಿ ಹೊಳ್ಯಾಗ ಆಮಿ ಅದಾವಲ್ಲಮ್ಮ" ಎಂದೆ.

"ಸಮುದ್ರದಾಗ ಗುಡ್ಡ ಹೊತ್ತಾವ ಹೊಳ್ಯಾಗ ಇರ್ತಾನೇನೋ?"

ಹೊಸಪೇಟೆಯಿಂದ ಬಸ್ಸು, ಆಮೇಲೆ ರೈಲು, ಆಮೇಲೆ ಮುಗಿಯದ ಹಡಗು. ಸೊಂಟಕ್ಕೆ ಬೆಲ್ಟು ಬಿಗಿದು ನಾನೇ ಸಾಮಾನು ಹೊತ್ತೆ. ಕೂರ್ಮನ ಕಷ್ಟ ಅರ್ಥವಾಗತೊಡಗಿತು. ಹಡಗಿನಲ್ಲಿ ಮೂರನೆಯ ದಿನ ಚೀಲ ಬಿಚ್ಚಿದರೆ ಬಟ್ಟೆಯ ಮಡಿಕೆಗಳಲ್ಲಿ ನಮ್ಮೂರಿನ ಕೆಂಪು ಧೂಳು ಹಾಗೇ ಕೂತಿತ್ತು. ಅದೊಂದಕ್ಕೆ ಮಾತ್ರ ಆಯಾಸವಾಗಿರಲಿಲ್ಲ.

ನಾವಿಳಿದ ದ್ವೀಪದಲ್ಲಿ ಆಮೆಯ ಮೊಟ್ಟೆಗಳನ್ನು ಬೇಲಿಯೊಳಗೆ ಕಾಯ್ದು, ಮರಿ ಹೊರಬಂದ ಮೇಲೆ ಮುಸ್ಸಂಜೆಯಲ್ಲಿ ಕಡಲಿಗೆ ಬಿಡುತ್ತಿದ್ದರು. ಕಾವಲಿನವನು ಹಗ್ಗ ಕಟ್ಟಿ ನಮ್ಮನ್ನೆಲ್ಲ ಆಚೆ ನಿಲ್ಲಿಸಿ, ಹಿಂದಿಯಲ್ಲಿ ಮೂರು ಸಲ ಸಾರಿದ: ಮುಟ್ಟಬಾರದು, ಫೋಟೋ ತೆಗೆಯಬಾರದು, ಟಾರ್ಚ್ ಹಾಕಬಾರದು, ಬೆಳಕು ಕಂಡರೆ ಮರಿಗಳು ಕಡಲಿನ ದಾರಿ ತಪ್ಪುತ್ತವೆ. ನಾನು ಎಲ್ಲವನ್ನೂ ಅಮ್ಮನಿಗೆ ಕನ್ನಡದಲ್ಲಿ ಒಪ್ಪಿಸಿದೆ. ತಲೆಯಾಡಿಸಿದಳು.

ಬುಟ್ಟಿಯಿಂದ ಒಂಬತ್ತು ಮರಿಗಳನ್ನು ಮರಳಿಗೆ ಬಿಟ್ಟ. ಗುಡ್ಡ ಹೊರುವ ಮಾತಿರಲಿ, ಒಂದೊಂದೂ ನಮ್ಮ ಅಂಗೈಯಲ್ಲಿ ಹಿಡಿಯುವಷ್ಟು. ಅವು ಕಡಲ ಕಡೆಗೆ ನಾಲ್ಕು ಹೆಜ್ಜೆ ತೆವಳಿದವು. ಆಮೇಲೆ ಒಂದು ನಿಂತಿತು, ತಿರುಗಿತು. ಅದರ ಹಿಂದೆ ಇನ್ನೊಂದು. ನೋಡನೋಡುತ್ತ ಒಂಬತ್ತೂ ನಮ್ಮತ್ತ ಹೊರಟವು. ಪಕ್ಕಕ್ಕೆ ನೋಡಿದರೆ ಅಮ್ಮ ಸೆರಗು ಮರೆಮಾಡಿ ಹಿತ್ತಾಳೆ ಆರತಿಯಲ್ಲಿ ಬತ್ತಿ ಹಚ್ಚಿದ್ದಳು. ಒಂದು ಸುತ್ತು ಎತ್ತಿಯೂ ಆಗಿತ್ತು.

"ಅಮ್ಮಾ, ಬ್ಯಾಡ ಅಂದಿದ್ನಲ್ಲ!"

"ಅವ ಬ್ಯಾಟರಿ ಬ್ಯಾಡ ಅಂದಾನ. ಇದು ತುಪ್ಪದ್ದು." ಅವಳ ಕಣ್ಣಲ್ಲಿ ನೀರಿತ್ತು. "ನೋಡೋ, ತಾನೇ ಬರಾಕ ಹತ್ಯಾನ!"

ಕಾವಲಿನವನು ಕೂಗುತ್ತ ಓಡಿ ಬಂದ. ನಾನು ಊದಲು ಬಗ್ಗಿದೆ.

"ಬಾಯಿಲೆ ಊದಿ ಆರಸ್ತಿಯೇನೋ, ಮುಂಡೇದೇ! ದೇವರ ದೀಪ!"

ದೇವರ ದೀಪವನ್ನು ಹೂವಿನಿಂದ ಶಾಂತ ಮಾಡಬೇಕು. ಆ ದಂಡೆಯಲ್ಲಿ ಹೂವೆಲ್ಲಿ? ಮುಡಿದ ಹೂವೆಲ್ಲ ಹಡಗಿನಲ್ಲೇ ಬಾಡಿ ಹೋಗಿತ್ತು.

"ಅತ್ತೀ, ಅವು ದಾರಿ ತಪ್ಪಿ ಬರಾಕ ಹತ್ಯಾವ್ರೀ. ಇಲ್ಲೇ ಉಳದ್ರ ಸಾಯ್ತಾವ" ಎಂದಳು ನನ್ನ ಹೆಂಡತಿ, ಮೆಲ್ಲಗೆ.

ಅಮ್ಮ ಮರಿಗಳನ್ನು ನೋಡಿದಳು, ಆರತಿಯನ್ನು ನೋಡಿದಳು. ಮೂರು ಸುತ್ತಿನಲ್ಲಿ ಇನ್ನೂ ಎರಡು ಉಳಿದಿತ್ತು. ಬಲ ಅಂಗೈಯನ್ನು ಉರಿಯ ಮೇಲೆ ಒತ್ತಿ ಹಿಡಿದಳು. ಚರ್ಮ ಸುಟ್ಟ ವಾಸನೆ ಬಂತು. ಕೈ ತೆಗೆಯಲಿಲ್ಲ.

ದೀಪ ಆರಿ ಕತ್ತಲಾದ ಮೇಲೆ ಮರಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದೊಂದೇ ತಿರುಗಿದವು. ಒಂಬತ್ತೂ ನೀರು ಸೇರಿದವು. ಕಾವಲಿನವನು ಬೈಯುವುದನ್ನು ಮರೆತು ಅಮ್ಮನ ಕೈಗೆ ತನ್ನ ಬಾಟಲಿಯ ನೀರು ಸುರಿದ.

"ಹಂಪ್ಯಾಗೂ ಬೈತಾರ, ಇಲ್ಲೂ ಬೈತಾರ" ಎಂದಳು ಅಮ್ಮ, ದಣಿದು ಮರಳಿನಲ್ಲಿ ಕೂತು. "ಒಂದ ಸುತ್ತಾತು."

ಊರಿಗೆ ಬಂದ ಮೊದಲ ಶನಿವಾರ, ಗುಡಿಯ ಕಾವಲುಗಾರ ಊಟಕ್ಕೆ ಹೋಗಿದ್ದಾಗ, ಉಳಿದ ಎರಡು ಸುತ್ತನ್ನು ಎಡಗೈಯಲ್ಲಿ ಹಂಪಿಯ ಕಂಬಕ್ಕೆ ಎತ್ತಿದಳು. ಹರಕೆ ತೀರಿತು.